ಸತ್ತ ಮೈ ಯಾರ ಸ್ವತ್ತು?

ಸತ್ತವರ ಮೂತ್ರಪಿಂಡ ತೆಗೆದು ಬದುಕಿರುವವರಿಗೆ ಹಾಕಬಹುದೆ? ಇಸ್ಲಾಮಿನಲ್ಲಿ ಇದಕ್ಕೆ ಉತ್ತರ ಹೇಳೋರು ಯಾರು? ಅಲ್ಲಿ ಪೋಪ್ ಇಲ್ಲ, ಪೀಠಾಧಿಪತಿಯೂ ಇಲ್ಲ. ಮುಫ್ತಿ ಕೊಡುವ ಫತ್ವಾ ಒಂದು ಅಭಿಪ್ರಾಯ. ಕೇಳಿದವರು ನಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಸ್ಲಿಮರೇ ಹೆಚ್ಚಿರುವ ಎಷ್ಟೋ ದೇಶಗಳಲ್ಲಿ ಸರ್ಕಾರವೇ ಮುಫ್ತಿಯನ್ನು ನೇಮಿಸುತ್ತದೆ. ಅಲ್ಪಸಂಖ್ಯಾತರಾಗಿರುವ ಕಡೆ? ಬ್ರಿಟನ್ನಿನ ಕತೆ ನೋಡೋಣ.

1995ರಲ್ಲಿ ಅಲ್ಲಿಯ ಮುಸ್ಲಿಂ ಲಾ ಶರೀಅ ಕೌನ್ಸಿಲ್ ಅಂಗದಾನ ಸರಿ ಎಂದು ಫತ್ವಾ ಕೊಟ್ಟಿತು. ಅದರ ಮುಂದಾಳು ಈಜಿಪ್ಟಿನ ಅಲ್ ಅಝರ್‌ನಲ್ಲಿ ಓದಿದ ಝಕಿ ಬದಾವಿ. ಜೀವ ಉಳಿಸುವ ಅನಿವಾರ್ಯದ ಮುಂದೆ ನಿಷೇಧ ಸಡಿಲವಾಗುತ್ತೆ ಅನ್ನೋ ಹಳೇ ನ್ಯಾಯಸೂತ್ರವೇ ಆಧಾರ. ಕಾಗದದ ಮೇಲೆ ಸಮಸ್ಯೆ ಮುಗೀತು.

ಜನರ ನಡುವೆ ಮುಗೀಲಿಲ್ಲ. ಅಲ್ಲಿಯ ಮುಸ್ಲಿಮರಲ್ಲಿ ಹೆಚ್ಚಿನವರು ನಮ್ಮ ಉಪಖಂಡದ ಮೂಲದವರು. ಗಿರಣಿ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಎಷ್ಟೋ ಮಂದಿ. ಅವರು ಕೇಳೋದು ದೇವಬಂದ್ ಇಲ್ಲವೆ ಬರೇಲಿ ಪರಂಪರೆಯ ತಮ್ಮ ಮಸೀದಿಯ ಮೌಲ್ವಿಯನ್ನು. ಕರಾಚಿಯ ಮುಫ್ತಿ ಮುಹಮ್ಮದ್ ಶಫಿ ಅಂಥ ದೇವಬಂದಿ ಹಿರಿಯರು ಅಂಗ ಕಸಿಯನ್ನು ಒಪ್ಪಿರಲಿಲ್ಲ: ಮೈ ದೇವರ ಅಮಾನತ್ತು, ಇಟ್ಟುಕೊಂಡವನು ಅದನ್ನು ದಾನ ಮಾಡೋದು ಹೇಗೆ? 1989ರಲ್ಲಿ ದೆಹಲಿಯಲ್ಲಿ ಸೇರಿದ ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯದು ಇನ್ನೊಂದು ದಾರಿ. ಬದುಕಿರುವ ಬಂಧು ಮೂತ್ರಪಿಂಡ ಕೊಡಬಹುದು. ಸತ್ತ ಮೇಲೆ ಅಂಗ ಕೊಡಿ ಅಂತ ಬರೆದ ಉಯಿಲು ಮಾತ್ರ ಶರೀಅತ್ತಿನಲ್ಲಿ ನಿಲ್ಲದು.

ಇದನ್ನೆಲ್ಲ ಮೌಢ್ಯ ಅಂತ ತಳ್ಳಿಹಾಕೋ ವಿಚಾರವಂತರಿಗೆ ನಾವು ಒಂದು ನೆನಪು ಮಾಡಬೇಕು. ಲಿವರ್‌ಪೂಲಿನ ಆಲ್ಡರ್ ಹೇ ಆಸ್ಪತ್ರೆಯಲ್ಲಿ ಸತ್ತ ಮಕ್ಕಳ ಅಂಗಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ತೆಗೆದಿಟ್ಟುಕೊಂಡಿದ್ದು 1999ರಲ್ಲಿ ಬಯಲಾಯಿತು. ಹೆಣಕ್ಕೂ ಮರ್ಯಾದೆ ಉಂಟು ಅನ್ನೋರ ಅಳುಕು ಬರೀ ಕಂದಾಚಾರವೆ?

ಆದರೆ ಅಳುಕಿಗೆ ಬೆಲೆ ತೆರುವವರೂ ಅದೇ ಮನೆಯವರು. ದಕ್ಷಿಣ ಏಷ್ಯಾ ಮೂಲದವರಲ್ಲಿ ಮೂತ್ರಪಿಂಡ ಕೆಡೋದು ಹೆಚ್ಚು. ಹೊಂದುವ ಅಂಗ ಸಿಗುವ ಸಾಧ್ಯತೆ ತಮ್ಮ ಮೂಲದವರಲ್ಲೇ ಜಾಸ್ತಿ. ಕೊಡೋರು ಕಡಿಮೆ. ಹಾಗಾಗಿ ಡಯಾಲಿಸಿಸ್ ಯಂತ್ರದ ಪಕ್ಕ ಅವರು ಬಿಳಿಯರಿಗಿಂತ ಹೆಚ್ಚು ಕಾಲ ಕಾಯುತ್ತ ಬಂದರು.

2019ರಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಅಂಗದಾನ ವಿಭಾಗವೇ ಮುಫ್ತಿ ಮೊಹಮ್ಮದ್ ಝುಬೇರ್ ಬಟ್ ಅವರಿಂದ ಹೊಸ ಫತ್ವಾ ಬರೆಸಿತು. ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಇಲ್ಲಿ ಗಮನಿಸಬೇಕಾದ್ದಿದೆ: ಯಾವ ಮುಫ್ತಿಯನ್ನು ಕೇಳಬೇಕು ಅಂತ ಆರಿಸಿದ್ದು ಸರ್ಕಾರ. ಕಾಯುತ್ತಿದ್ದ ರೋಗಿಯ ಕೈಗೆ ಬಂದದ್ದು ಬರೆದು ಮುಗಿದ ಉತ್ತರ.

2020ರ ಮೇ 20ರಿಂದ ಇಂಗ್ಲೆಂಡಿನಲ್ಲಿ, ಬೇಡ ಎಂದು ತಿಳಿಸದ ವಯಸ್ಕರು, ಕೆಲವರ ಹೊರತು, ಒಪ್ಪಿದಂತೆಯೇ ಅನ್ನೋ ಕಾನೂನು ಬಂತು. ಆದರೂ ವೈದ್ಯರು ಮನೆಯವರನ್ನು ಕೇಳುತ್ತಾರೆ. ಎಷ್ಟೋ ಮನೆಯವರು ಆ ಗಳಿಗೆಯಲ್ಲೂ ತಮ್ಮ ಮಸೀದಿಗೆ ಫೋನು ಮಾಡುತ್ತಾರೆ.