388ರ ಎದುರು ಒಂದು ಮತ

ಇಡೀ ದೇಶ ಒಂದೇ ದನಿಯಲ್ಲಿ ‘ಯುದ್ಧ’ ಎಂದು ಕೂಗುವಾಗ ‘ಬೇಡ’ ಎನ್ನುವವರನ್ನು ನಾವು ಏನೆಂದು ಕರೆಯುತ್ತೇವೆ? ಹೇಡಿ ಎನ್ನುತ್ತೇವೆ, ದೇಶದ್ರೋಹಿ ಎನ್ನುತ್ತೇವೆ. ಅಮೆರಿಕದ ಜೆನೆಟ್ ರಾಂಕಿನ್ ಇಂಥ ಮಾತುಗಳನ್ನು ಬೇಕಾದಷ್ಟು ಕೇಳಿದವರು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ ಅವರು. ಎರಡೂ ಮಹಾಯುದ್ಧಗಳಿಗೆ ಅಮೆರಿಕ ಇಳಿಯುವುದನ್ನು ವಿರೋಧಿಸಿ ಮತ ಹಾಕಿದ ಏಕೈಕ ಸದಸ್ಯರೂ ಅವರೇ.

1880ರಲ್ಲಿ ಮೊಂಟಾನ ಪ್ರಾಂತ್ಯದ ಮಿಜೂಲಾ ಬಳಿ ಹುಟ್ಟಿದ ರಾಂಕಿನ್ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು, ಬಟ್ಟೆ ಹೊಲಿದರು, ಸಮಾಜಸೇವೆಯ ತರಬೇತಿ ಪಡೆದರು. ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಕೆಂಬ ಚಳವಳಿ ಅವರನ್ನು ರಾಜಕೀಯಕ್ಕೆ ಕರೆತಂದಿತು. 1914ರಲ್ಲಿ ಮೊಂಟಾನದ ಮಹಿಳೆಯರಿಗೆ ಆ ಹಕ್ಕು ಸಿಕ್ಕಿತು. ಎರಡೇ ವರ್ಷಗಳಲ್ಲಿ ರಾಂಕಿನ್ ರಿಪಬ್ಲಿಕನ್ ಪಕ್ಷದಿಂದ ಗೆದ್ದುಬಂದರು. ಅಮೆರಿಕದ ಬಹುಪಾಲು ಹೆಂಗಸರಿಗೆ ಆಗಿನ್ನೂ ಮತವಿರಲಿಲ್ಲ. ಅದಕ್ಕಾಗಿ ಸಂವಿಧಾನ ತಿದ್ದುಪಡಿಯಾದದ್ದು 1920ರಲ್ಲಿ.

1917ರ ಏಪ್ರಿಲ್ 2ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಅದೇ ಸಂಜೆ ಅಧ್ಯಕ್ಷ ವುಡ್ರೋ ವಿಲ್ಸನ್ ಜರ್ಮನಿಯ ವಿರುದ್ಧ ಯುದ್ಧ ಸಾರಲು ಒಪ್ಪಿಗೆ ಕೇಳಿದರು. ನಾಲ್ಕು ದಿನಗಳ ನಂತರ ಮತದಾನ: ಪರ 373, ವಿರುದ್ಧ 50. ವಿರೋಧಿಸಿದವರಲ್ಲಿ 49 ಮಂದಿ ಗಂಡಸರು. ಆದರೆ ಪತ್ರಿಕೆಗಳ ಕಣ್ಣಿಗೆ ಬಿದ್ದದ್ದು ಒಬ್ಬ ಹೆಂಗಸು ಮಾತ್ರ. ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಕೆಲವು ಮಹಿಳೆಯರೂ ಅವರ ಮೇಲೆ ಮುನಿಸಿಕೊಂಡರು. ಹಾಗೆಂದು ನಾವು ಅವರನ್ನು ಲೋಪವೇ ಇಲ್ಲದವರೆಂದು ಚಿತ್ರಿಸಬೇಕಾಗಿಲ್ಲ. ಅದೇ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ-ಹಂಗರಿಯ ಮೇಲಿನ ಯುದ್ಧಕ್ಕೆ ಅವರೂ ಒಲ್ಲದ ಮನಸ್ಸಿನಿಂದ ಸಮ್ಮತಿಸಿದರು. 1918ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತರು. ಮುಂದಿನ ಎರಡು ದಶಕ ಶಾಂತಿ ಸಂಘಟನೆಗಳಲ್ಲಿ ದುಡಿದರು.

1940ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಮೊಂಟಾನ ಅವರನ್ನು ಮತ್ತೆ ಗೆಲ್ಲಿಸಿತು. ಮರುವರ್ಷ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿಯಿತು. ಸುಮಾರು 2,400 ಅಮೆರಿಕನ್ನರು ಸತ್ತರು. ಮರುದಿನವೇ ಮತದಾನ: ಪರ 388, ವಿರುದ್ಧ ಒಂದು. ಹೆಣ್ಣಾದ ತಾನು ಯುದ್ಧಕ್ಕೆ ಹೋಗಲಾರೆ, ಬೇರೆ ಯಾರನ್ನೂ ಕಳುಹಿಸಲಾರೆ ಎಂಬುದು ಅವರ ನಿಲುವಾಗಿತ್ತು. ಸಭೆಯಿಂದ ಹೊರಬಂದಾಗ ರೊಚ್ಚಿಗೆದ್ದ ಗುಂಪಿನಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಬೂತಿನಲ್ಲಿ ಅಡಗಬೇಕಾಯಿತು. ಪೊಲೀಸರು ಬಂದು ಕರೆದೊಯ್ದರು. 1942ರಲ್ಲಿ ಅವರು ಚುನಾವಣೆಗೇ ನಿಲ್ಲಲಿಲ್ಲ.

ದಾಳಿಗೊಳಗಾದ ದೇಶ ಸುಮ್ಮನಿರಬೇಕಿತ್ತೇ, ಫ್ಯಾಸಿಸ್ಟರನ್ನು ಮಣಿಸುವುದು ಬೇಡವಾಗಿತ್ತೇ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ರಾಂಕಿನ್ ಅವರ ಆ ಮತವನ್ನು ಒಪ್ಪದಿರುವ ಹಕ್ಕು ನಮಗಿದೆ. ಆದರೆ ಒಬ್ಬರ ಭಿನ್ನಮತವನ್ನೂ ಸಹಿಸದ ಒಗ್ಗಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನೂ ನೋಡಬೇಕು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಫಲವಾಗಿ ಜಪಾನಿ ಮೂಲದ ಸುಮಾರು 1.20 ಲಕ್ಷ ಜನ ಮನೆಮಠ ಕಳೆದುಕೊಂಡು ಮುಳ್ಳುತಂತಿಯ ಶಿಬಿರಗಳನ್ನು ಸೇರಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ನಾಗರಿಕರೇ. ಶತ್ರುವಿನ ಮುಖಚಹರೆ ಇದ್ದದ್ದೇ ಅವರ ಅಪರಾಧ. ಅದಕ್ಕೆ ಅಮೆರಿಕ ಕಾನೂನಿನ ಮೂಲಕ ಕ್ಷಮೆ ಕೇಳಿದ್ದು 1988ರಲ್ಲಿ.

2001ರ ಸೆಪ್ಟೆಂಬರ್ 14ರಂದು ಇದೇ ದೃಶ್ಯ ಮರುಕಳಿಸಿತು. ಅವಳಿ ಗೋಪುರಗಳು ಉರುಳಿದ ಮೂರನೇ ದಿನ, ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಮುಕ್ತ ಅಧಿಕಾರ ಕೊಡುವ ನಿರ್ಣಯವನ್ನು 420 ಮಂದಿ ಬೆಂಬಲಿಸಿದರು. ವಿರೋಧಿಸಿದವರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ. ಅವರಿಗೆ ಕೊಲೆ ಬೆದರಿಕೆಗಳು ಬಂದವು. ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ನಡೆಯಿತು. 2021ರ ಆಗಸ್ಟ್‌ನಲ್ಲಿ ಅಮೆರಿಕದ ಸೇನೆ ಹೊರಟಾಗ ಕಾಬೂಲಿನಲ್ಲಿ ಮತ್ತೆ ತಾಲಿಬಾನ್ ಆಳ್ವಿಕೆಯೇ ಇತ್ತು.

ಗಾಂಧೀಜಿಯ ಅಹಿಂಸೆಗೆ ಮನಸೋತಿದ್ದ ರಾಂಕಿನ್ 1946ರಿಂದ ಹಲವು ಬಾರಿ ಭಾರತಕ್ಕೆ ಬಂದರು. 1968ರ ಜನವರಿಯಲ್ಲಿ, 87ನೆಯ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಮಹಿಳೆಯರ ಮುಂದೆ ನಿಂತು ವಾಷಿಂಗ್ಟನ್ನಿನ ಬೀದಿಯಲ್ಲಿ ನಡೆದರು. 1973ರಲ್ಲಿ ತೀರಿಕೊಂಡರು. 1985ರಲ್ಲಿ ಮೊಂಟಾನ ರಾಜ್ಯವೇ ಸಂಸತ್ ಭವನಕ್ಕೆ ಅವರ ಪ್ರತಿಮೆಯನ್ನು ಕೊಟ್ಟಿತು. ಯುದ್ಧಕ್ಕೆ ಮತ ಹಾಕಲಾರೆ ಎಂಬ ಅವರ ಮಾತನ್ನು ಅದರ ಪೀಠದ ಮೇಲೆ ಕೆತ್ತಲಾಗಿದೆ. ಅದೇ ನಿಲುವಿಗಾಗಿ ಒಮ್ಮೆ ಅವರು ಬೂತಿನಲ್ಲಿ ಅಡಗಬೇಕಾಗಿತ್ತು ಎಂಬುದನ್ನು ಮಾತ್ರ ನಾವು ಮರೆಯಬಾರದು.