ಸೊರಗಿದ ಕಾಡನ್ನು ಅಳೆಯುವುದು ಹೇಗೆ? ಕೊಡಗಿನ ಲೆಕ್ಕ

ಕಾಡು ಕಡಿದು ಬಯಲಾದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಮರಗಳು ನಿಂತೇ ಇದ್ದು ಕಾಡು ಒಳಗೊಳಗೇ ಸೊರಗಿದರೆ ಅದನ್ನು ಲೆಕ್ಕಕ್ಕೆ ತರುವುದು ಕಷ್ಟ. ಈ ಕಷ್ಟ ಕೊಡಗಿನಲ್ಲಿ ಎದ್ದು ಕಾಣುತ್ತದೆ. 4,102 ಚದರ ಕಿ.ಮೀ. ವಿಸ್ತಾರದ ಈ ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ ಎನ್ನುತ್ತವೆ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಗಳು. ಅವುಗಳ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ರಷ್ಟಾದರೂ ಎಲೆಹಂದರವಿರುವ ನೆಲವೆಲ್ಲ ಅರಣ್ಯವೇ. ಒಡೆತನ ಯಾರದು, ಮರ ಯಾವುದು ಎಂಬುದು ಮುಖ್ಯವಲ್ಲ. ಹಾಗಾಗಿ ಬ್ರಹ್ಮಗಿರಿಯ ನಿತ್ಯಹರಿದ್ವರ್ಣ ಕಾಡೂ ಸಿದ್ದಾಪುರದ ನೆರಳಿನ ಕಾಫಿ ತೋಟವೂ ಒಂದೇ ಮೊತ್ತಕ್ಕೆ ಸೇರುತ್ತವೆ. ಇಂಥ ಕಡೆ ಕಾಡಿನ ನಷ್ಟ ವಿಸ್ತೀರ್ಣದಲ್ಲಿ ಕಾಣಿಸುವುದಿಲ್ಲ. ಒಂದು ಮರದ ಜಾಗಕ್ಕೆ ಇನ್ನೊಂದು ಬಂದು ಕೂರುವುದರಲ್ಲಿ ನಡೆದುಹೋಗುತ್ತದೆ.

ಬ್ರಿಟಿಷ್ ಆಡಳಿತದ ಎಣಿಕೆಗೆ ಕಾಡೆಂದರೆ ಮುಖ್ಯವಾಗಿ ನಾಟಾ ಮತ್ತು ವರಮಾನ. ಕಾಡಿನ ಸ್ಥಿತಿಯನ್ನೇ ನಕ್ಷೆಗಿಳಿಸುವ ದೊಡ್ಡ ಪ್ರಯತ್ನ ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನಿಂದ ಬಂತು. ಜೆ. ಪಿ. ಪಾಸ್ಕಲ್ ಸಿದ್ಧಪಡಿಸಿದ ಮಡಿಕೇರಿ–ಮೈಸೂರು ಹಾಳೆ 1982ರಲ್ಲಿ ಪ್ರಕಟವಾಯಿತು. ದಟ್ಟ ಕಾಡು, ಕೆಡಿಸಲ್ಪಟ್ಟ ಕಾಡು, ಕುರುಚಲು ಎಂಬ ಹಂತಗಳನ್ನು ಅದು ಬೇರೆಬೇರೆಯಾಗಿ ತೋರಿಸಿತು. ಸರ್ವೇಕ್ಷಣಾ ಸಂಸ್ಥೆಯ ಮೊದಲ ಉಪಗ್ರಹಾಧಾರಿತ ವರದಿ ಬಂದದ್ದು 1987ರಲ್ಲಿ. ಕಾಫಿಯನ್ನು ಕಾಡಿನಿಂದ ಬೇರ್ಪಡಿಸಿ ನೋಡಿದಾಗ ಚಿತ್ರವೇ ಬದಲಾಗುತ್ತದೆ: ಕ್ಲೋಡ್ ಗಾರ್ಸಿಯಾ ಮತ್ತು ಸಂಗಡಿಗರು 2010ರಲ್ಲಿ ಮುಂದಿಟ್ಟ ಅಂಕಿಗಳ ಪ್ರಕಾರ ಕೊಡಗಿನ ಕಾಡು 1977ರಲ್ಲಿ 2,566 ಚದರ ಕಿ.ಮೀ. ಇದ್ದದ್ದು 1997ಕ್ಕೆ 1,841ಕ್ಕೆ, ಅಂದರೆ ಶೇ. 28ರಷ್ಟು ಇಳಿದಿತ್ತು. ಈ ನಷ್ಟಕ್ಕೆ ಮುಖ್ಯ ಕಾರಣ ಕಾಫಿಯ ವಿಸ್ತರಣೆ.

ಮೇಲಿನಿಂದ ಕಾಣದ್ದನ್ನು ನೆಲದ ಮೇಲೆ ನಿಂತೇ ಅಳೆಯಬೇಕು. ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ 1990ರ ಹೊತ್ತಿಗೆ ಶುರುವಾದ ಶಾಶ್ವತ ಮಾದರಿ ತಾಕು ಇದಕ್ಕೆ ಒಳ್ಳೆಯ ನಿದರ್ಶನ. ಎದೆಮಟ್ಟದಲ್ಲಿ 30 ಸೆಂ.ಮೀ. ಅಥವಾ ಹೆಚ್ಚು ಸುತ್ತಳತೆಯ ಪ್ರತಿ ಮರವನ್ನೂ ಟೇಪು ಸುತ್ತಿ ಅಳೆದು, ಜಾತಿ ಗುರುತಿಸಿ, ವರ್ಷಗಳ ನಂತರ ಅದೇ ಮರವನ್ನು ಮತ್ತೆ ಅಳೆಯುವ ಕೆಲಸವದು. 3.12 ಹೆಕ್ಟೇರಿನಲ್ಲಿ ಸಿಕ್ಕಿದ್ದು 1,981 ಮರ, 91 ಜಾತಿ. ಮಾನವ ಹಸ್ತಕ್ಷೇಪ ಕಡಿಮೆಯಿರುವ ಕಾಡು ಹೇಗಿರುತ್ತದೆ ಎಂಬುದಕ್ಕೆ ಇದೊಂದು ಮಾನದಂಡವಾಯಿತು. ಹತ್ತಿರದಲ್ಲೇ ಆಯ್ದ ಮರ ಕಡಿದಿದ್ದ ಭಾಗದೊಡನೆ ಹೋಲಿಸುವುದೂ ಸಾಧ್ಯವಾಯಿತು. ಮೂರು ಹೆಕ್ಟೇರು ಇಡೀ ಜಿಲ್ಲೆಗೆ ಸಾಕ್ಷಿಯಾದೀತೇ ಎಂಬ ಆಕ್ಷೇಪ ಸರಿಯೇ. ಉತ್ತರ 2012ರ ಒಂದು ಅಧ್ಯಯನದಲ್ಲಿದೆ: ಪಿಯೆರ್ ಪ್ಲೊಟೊನ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಡಿನಲ್ಲಿ ಗೂಗಲ್ ಅರ್ಥ್‌ನ ಸೂಕ್ಷ್ಮ ಚಿತ್ರಗಳ ಮರದ ನೆತ್ತಿಗಳ ವಿನ್ಯಾಸವನ್ನು ನೆಲದ ಅಳತೆಗೆ ತಾಳೆಹಾಕಿ ಕಾಡಿನ ಜೀವರಾಶಿಯನ್ನು, ಅಂದರೆ ಮರಗಳ ಒಟ್ಟು ತೂಕವನ್ನು, ಅಂದಾಜಿಸಿದರು. ತಾಕು ಚಿಕ್ಕದಾದರೂ ಉಪಗ್ರಹದ ಲೆಕ್ಕವನ್ನು ತಿದ್ದುವ ಒರೆಗಲ್ಲು ಅದೇ.

ಆದರೆ ಜೀವರಾಶಿಯೂ ಪೂರ್ತಿ ಕಥೆ ಹೇಳುವುದಿಲ್ಲ. ಶೋನಿಲ್ ಭಾಗವತ್, ಸಿ. ಜಿ. ಕುಶಾಲಪ್ಪ ಮುಂತಾದವರು 58 ತಾಣಗಳಲ್ಲಿ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟಗಳನ್ನು ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರ, ಹಕ್ಕಿ, ಅಣಬೆಗಳ ವೈವಿಧ್ಯ ಒಂದೇ ಜಾಡಿನಲ್ಲಿ ಸಾಗಲಿಲ್ಲ. ದೇವರಕಾಡುಗಳ ಸ್ಥಿತಿಯಾದರೂ ಭದ್ರವಲ್ಲ: 1905ರ ದಾಖಲೆಯ 15,506 ಎಕರೆ 1985ಕ್ಕೆ 6,299ಕ್ಕೆ ಇಳಿದಿದ್ದನ್ನು ಎಂ. ಎ. ಕಲಾಂ ದಾಖಲಿಸಿದ್ದಾರೆ.

ಇಲ್ಲಿ ಕಾಫಿ ಬೆಳೆಗಾರರು ಕೇಳುವ ಪ್ರಶ್ನೆ ನ್ಯಾಯವಾದದ್ದು: ನಮ್ಮ ನೆರಳಿನ ಮರಗಳಲ್ಲಿ ಹಕ್ಕಿಗಳಿಲ್ಲವೇ? ಖಂಡಿತ ಇವೆ. ತೋಟವನ್ನು ಕಾಡಿನ ಮೊತ್ತದಿಂದ ಬೇರೆ ಮಾಡುವುದೆಂದರೆ ಹಾಳು ನೆಲವೆಂದು ಮುದ್ರೆ ಒತ್ತುವುದಲ್ಲ. ಹಲಸು, ಅತ್ತಿ, ಬೀಟೆ ಬೆರೆತ ತೋಟಕ್ಕೂ ಬರೀ ಸಿಲ್ವರ್ ಓಕ್ ನಿಂತ ತೋಟಕ್ಕೂ ಇರುವ ಅಂತರವನ್ನು ಅಂಕಿಯಲ್ಲಿ ತೋರಿಸಿದರೆ ಲಾಭವಾಗುವುದು ಒಳ್ಳೆಯ ತೋಟಕ್ಕೇ. ಈಗಿನ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿಯುವಾಗ ಕಾಡುಮರಗಳಷ್ಟು ಕಾನೂನಿನ ತೊಡಕೂ ಇಲ್ಲ. ಹೀಗಿರುವಾಗ ಸ್ಥಳೀಯ ಮರ ಉಳಿಸಿಕೊಂಡವರ ಶ್ರಮ ಯಾವ ಪಟ್ಟಿಯಲ್ಲೂ ಕಾಣದಿದ್ದರೆ ಉಳಿಸುವವರು ಯಾರು?

ದೇಶಕ್ಕೆಲ್ಲ ಒಂದೇ ವ್ಯಾಖ್ಯೆ ಇದ್ದರೆ ತಾನೇ ವರ್ಷದಿಂದ ವರ್ಷಕ್ಕೆ ಹೋಲಿಸಲು ಬರುವುದು ಎಂಬ ವಾದವೂ ಇದೆ. ಒಪ್ಪೋಣ, ಆ ಅಂಕಣ ಹಾಗೇ ಇರಲಿ. ಅದರ ಪಕ್ಕದಲ್ಲಿ ಇನ್ನೆರಡು ಬೇಕು: ಮೀಸಲು ಅರಣ್ಯ, ದೇವರಕಾಡು, ಬಾಣೆ (ಗದ್ದೆಗೆ ಸೇರಿದಂತೆ ಬಿಟ್ಟ ಮರಗಳಿರುವ ಜಮೀನು), ತೋಟಗಳನ್ನು ಬಿಡಿಯಾಗಿ ತೋರಿಸುವ ಒಂದು; ಮಾದರಿ ತಾಕುಗಳಲ್ಲಿ ಮರಜಾತಿ ಮತ್ತು ಮರಿಸಸಿಗಳನ್ನು ಎಣಿಸುವ ಇನ್ನೊಂದು. ಸಂರಕ್ಷಣೆಯ ತೀರ್ಮಾನಗಳು ಈ ಕೊನೆಯ ಎರಡನ್ನು ಆಧರಿಸಬೇಕು. ಹಳೆಯ ಮರ ಸತ್ತಾಗ ಅದರ ಜಾಗಕ್ಕೆ ಏರುವ ಸಸಿ ಯಾವುದೆಂದು ಶೇ. 80ರ ಅಂಕಿ ಹೇಳಲಾರದು; ಕಾಡು ಚೇತರಿಸಿಕೊಳ್ಳುತ್ತದೋ ಇಲ್ಲವೋ ಎಂಬುದು ನಿಂತಿರುವುದು ಆ ಸಸಿಯ ಮೇಲೆಯೇ.