ವಿಳಂಬದ ನೀತಿ: ಮಾರ್ನಿಂಗ್ಟನ್ನನ ಬೆದರಿಕೆಯೂ ಟೀಪುವಿನ ಉತ್ತರವೂ (೧೭೯೮-೯೯)

ಕುಕ್ ಟೌನ್ ಮೊದಲಾದ ಬಡಾವಣೆಗಳನ್ನೊಳಗೊಂಡ ಬೆಂಗಳೂರಿನ ದಂಡುಪ್ರದೇಶವು, ಶ್ರೀರಂಗಪಟ್ಟಣದಲ್ಲಿದ್ದ ಆಂಗ್ಲ ಸೈನ್ಯವು ೧೮೦೯ರ ಸುಮಾರಿಗೆ ಇಲ್ಲಿಗೆ ಬಂದುದರಿಂದ ಹುಟ್ಟಿದುದು. ಆ ಸೈನ್ಯವು ಮೈಸೂರಿನ ನೆಲದಲ್ಲಿ ಬೇರೂರಲು ಕಾರಣ ೧೭೯೯ರ ಯುದ್ಧ. ಯುದ್ಧಕ್ಕೆ ಮುನ್ನ ನೆರೆಯ ಕಂಪನಿ ಸರ್ಕಾರದ ಬೆದರಿಕೆಯ ಪತ್ರಗಳಿಗೆ ಟೀಪುಸುಲ್ತಾನನು ತಡವಾಗಿಯೂ ಹಾರಿಕೆಯಾಗಿಯೂ ಉತ್ತರವಿತ್ತುದನ್ನು ಬರಿಯ ಗರ್ವವೆಂದು ಬಗೆಯುವುದುಂಟು. ಈ ಅಭಿಪ್ರಾಯವು ಪುನಃ ಪರಿಶೀಲನೆಗೆ ಅರ್ಹವಾಗಿದೆ.

೧೭೯೨ರ ಕೌಲಿನಂತೆ ಟೀಪುವು ಅರ್ಧರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳಿಗೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದನು. ೧೭೯೮ರ ಜನವರಿಯಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರನು ಟೀಪುವಿನ ರಾಯಭಾರದ ಗುಟ್ಟನ್ನು ಬಹಿರಂಗ ಘೋಷಣೆಯಿಂದ ಹಾಳುಗೆಡವಿದನು. ದೊರೆತ ನೆರವಾದರೋ ಸುಮಾರು ನೂರು ಜನ! ಗವರ್ನರ್ ಜನರಲ್ ಮಾರ್ನಿಂಗ್ಟನ್ನನಿಗೆ ಅಷ್ಟು ನೆಪವೇ ಸಾಕಾಯಿತು. ಸೆಪ್ಟೆಂಬರಿನಲ್ಲಿ ನಿಜಾಮನು ಕಂಪನಿಯ ಸಹಾಯಕ ಸೈನ್ಯಕ್ಕೆ ತಲೆಬಾಗಿದನು. ನವೆಂಬರ್ ೮ರ ಪತ್ರವು ಮೇಜರ್ ಡವ್‌ಟನ್ನನನ್ನು ಬರಮಾಡಿಕೊಳ್ಳುವಂತೆ ಸೂಚಿಸಿತು. ೧೭೯೯ರ ಜನವರಿ ೯ರ ಪತ್ರವು ಕೈಸೇರಿದ ಒಂದೇ ದಿನದೊಳಗೆ ಉತ್ತರವನ್ನು ಕೇಳಿತು. ತಾನು ಬೇಟೆಗೆ ಹೊರಟಿರುವುದಾಗಿಯೂ ಡವ್‌ಟನ್ನನು ಹೆಚ್ಚಿನ ಪರಿವಾರವಿಲ್ಲದೆ ಬರಬಹುದೆಂದೂ ಟೀಪುವು ಬರೆದನು. ಆ ಪತ್ರ ಮದರಾಸನ್ನು ಮುಟ್ಟಿದುದು ಫೆಬ್ರವರಿ ೧೩ರಂದು. ಸೇನೆಗೆ ಹೊರಡುವ ಆಜ್ಞೆ ೩ರಂದೇ ಆಗಿಹೋಗಿತ್ತು!

ಹೀಗೆ ಕಾಲಹರಣ ಮಾಡಲು ಟೀಪುವಿಗೆ ಅನುಭವದ ಆಧಾರವಿತ್ತು. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳ ನಡುವೆ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನಾದರೂ, ಮಳೆ ಹಿಡಿದು, ಮೇವಿಲ್ಲದೆ ಎತ್ತುಗಳು ಸತ್ತು, ಮುತ್ತಿಗೆಯ ಭಾರೀ ಫಿರಂಗಿಗಳನ್ನು ತಾನೇ ಒಡೆಸಿ ಹಿಮ್ಮೆಟ್ಟಬೇಕಾಯಿತು. ರಾಜಧಾನಿಯನ್ನು ಕಾಯ್ದುದು ಕೋಟೆಗಿಂತ ಮಿಗಿಲಾಗಿ ಮುಂಗಾರು. ಶತ್ರುವಿಗೆ ಮತ್ತೆ ನೆಲೆಯಾಗದಿರಲೆಂದು ಟೀಪುವು ತರುವಾಯ ಬೆಂಗಳೂರು ಕೋಟೆಯನ್ನೇ ಕೆಡವಿಸಿದನೆಂದು ನಾನು ಭಾವಿಸುತ್ತೇನೆ. ಪತ್ರಗಳನ್ನು ಜೂನಿನವರೆಗೆ ಎಳೆದಿದ್ದರೆ ಒಂದು ವರ್ಷ ಉಳಿಯುತ್ತಿತ್ತು; ಅಷ್ಟರಲ್ಲಿ ಈಜಿಪ್ಟಿನಲ್ಲಿದ್ದ ಬೋನಪಾರ್ಟೆಯಿಂದ ಏನಾದರೂ ಒದಗಬಹುದಿತ್ತು. ಒಪ್ಪಿಕೊಂಡಿದ್ದರೆ ದೊರೆಯುತ್ತಿದ್ದುದು ನಿಜಾಮನ ಪದವಿಯೇ ಹೊರತು ಬೇರೆಯಲ್ಲ.

ಆದರೆ ಇದೇ ಲೆಕ್ಕವನ್ನು ಎದುರಾಳಿಯೂ ಹಾಕಿದ್ದನು. ಒಂದು ದಿನದ ಗಡುವಿನ ಅರ್ಥವೇ ಅದು. ಜನರಲ್ ಹ್ಯಾರಿಸನು ಬೆಂಗಳೂರನ್ನು ಮುತ್ತದೆ ಬದಿಗಿಟ್ಟು, ಕಾನಕಾನಹಳ್ಳಿಯ ದಾರಿ ಹಿಡಿದು, ಮಳವಳ್ಳಿಯಲ್ಲಿ ಗೆದ್ದು, ಟೀಪುವು ನಿರೀಕ್ಷಿಸದಿದ್ದ ಸೋಸಲೆಯಲ್ಲಿ ಹೊಳೆ ದಾಟಿ, ಏಪ್ರಿಲ್ ೫ರಂದೇ ರಾಜಧಾನಿಯ ಮುಂದೆ ಬೀಡುಬಿಟ್ಟನು. ಅಂದರೆ ಕಾರ್ನ್‌ವಾಲಿಸನಿಗಿಂತ ಒಂದು ತಿಂಗಳಿಗೂ ಮೊದಲು. ಮೇ ೪ರ ಮಧ್ಯಾಹ್ನ ಲಗ್ಗೆಯಿಟ್ಟಾಗ ಕಾವೇರಿ ಇನ್ನೂ ಬತ್ತಿಯೇ ಇತ್ತು. ಸಿಪಾಯಿಗಳು ಅದನ್ನು ಕಾಲ್ನಡಿಗೆಯಲ್ಲಿಯೇ ಕೆಲವು ನಿಮಿಷಗಳೊಳಗೆ ದಾಟಿದರು.